ಮೇಣ ಸವೆಯಲಿ, ಬಣ್ಣ ಉಳಿಯಲಿ

ಹೊಸ ಕಾರು ಬುಕ್ ಮಾಡಿದವರಿಗೆಲ್ಲ ಡೆಲಿವರಿಗೆ ಮುಂಚೆ ಒಂದು ಪ್ರಶ್ನೆ ಎದುರಾಗುತ್ತೆ: "ಸೆರಾಮಿಕ್ ಕೋಟಿಂಗ್ ಮಾಡಿಸ್ತೀರಾ ಸರ್?" ವ್ಯಾಕ್ಸ್ ಎಲ್ಲಾ ಹಳೇ ಕಾಲದ್ದು ಅನ್ನೋ ಮಾತೂ ಜೊತೆಗೇ ಬರುತ್ತೆ. ಹಳೇ ಕಾಲದ್ದು, ನಿಜ. ಆದರೆ ಆ ಕಾಲದ ಕಾರಿಗೆ ಅದು ಯಾಕೆ ಬೇಕಿತ್ತು ಅಂತ ಗೊತ್ತಾದರೆ, ಇವತ್ತಿನ ಕಾರಿಗೆ ಏನು ಬೇಕು ಅನ್ನೋದು ತಾನಾಗೇ ತಿಳಿಯುತ್ತೆ.

ಮೊದಮೊದಲ ಕಾರುಗಳಿಗೆ ಬಣ್ಣ ಬಳಿಯುತ್ತಿದ್ದದ್ದು ಕುದುರೆ ಸಾರೋಟಿನ ಪದ್ಧತಿಯಲ್ಲೇ. ಎಣ್ಣೆ ವಾರ್ನಿಷ್ಷನ್ನು ಬ್ರಷ್ಷಿನಲ್ಲಿ ಪದರದ ಮೇಲೆ ಪದರವಾಗಿ ಹಚ್ಚಬೇಕು, ಪ್ರತಿ ಪದರ ಒಣಗಲು ಕಾಯಬೇಕು. ಒಂದು ಗಾಡಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಅಸೆಂಬ್ಲಿ ಲೈನ್ ಬಂದ ಮೇಲೆ ಇದೇ ದೊಡ್ಡ ತಲೆನೋವಾಯಿತು. ಫೋರ್ಡ್ ಕಂಪನಿ 1914ರಿಂದ 1925ರವರೆಗೆ ಮಾಡೆಲ್ ಟಿಯನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರಿತು.

ಗಂಟು ಬಿಡಿಸಿದ್ದು ಡುಪಾಂಟ್ ಕಂಪನಿಯ ಡ್ಯೂಕೊ. ಜನರಲ್ ಮೋಟರ್ಸ್ ತನ್ನ 1924ರ ಮಾಡೆಲ್ ಓಕ್‌ಲ್ಯಾಂಡ್ ಕಾರಿಗೆ ಇದನ್ನು ನೀಲಿ ಬಣ್ಣದಲ್ಲಿ ಬಳಸಿತು. ಇದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಂದರೆ ಬಂದೂಕಿನ ಮದ್ದಿನ ಕುಟುಂಬದ ಪದಾರ್ಥ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಲ್ಯಾಕರ್ ಅನ್ನೋ ಪದದ ಮೂಲ ಸಂಸ್ಕೃತದ ಲಾಕ್ಷಾ, ಅಂದರೆ ನಮ್ಮ ಅರಗು: ಪಾಂಡವರ ಅರಗಿನ ಮನೆಯದ್ದು, ಚನ್ನಪಟ್ಟಣದ ಗೊಂಬೆಯದ್ದು. ಡ್ಯೂಕೊದಲ್ಲಿ ಅರಗು ಇರಲಿಲ್ಲ, ಹೆಸರು ಮಾತ್ರ ಉಳಿದಿತ್ತು.

ಡ್ಯೂಕೊ ಬೇಗ ಒಣಗುತ್ತಿತ್ತು, ಆದರೆ ಬಿಸಿಲಿಗೆ ಬೇಗ ಮಂಕಾಗುತ್ತಿತ್ತು. ಮೇಲೆ ಬೇರೆ ರಕ್ಷಣೆ ಇಲ್ಲದ್ದರಿಂದ ಬಣ್ಣವೇ ನೇರ ಬಿಸಿಲು ತಿನ್ನಬೇಕಿತ್ತು. ಹಾಗಾಗಿ ಉಜ್ಜಿ ಹೊಳಪು ತರಿಸಿ ಮೇಲೆ ವ್ಯಾಕ್ಸ್ ಹಚ್ಚೋದು ಕಾರಿಟ್ಟವರ ನಿತ್ಯಕರ್ಮವಾಯಿತು. 1910ರಲ್ಲಿ ಶುರುವಾದ ಸೈಮೊನೈಜ್ ಎಷ್ಟು ಮನೆಮಾತಾಯಿತು ಅಂದರೆ, ಇಂಗ್ಲಿಷ್ ನಿಘಂಟುಗಳಲ್ಲಿ ಅದು ಕ್ರಿಯಾಪದವಾಗಿ ಸೇರಿತು.

ವ್ಯಾಕ್ಸ್‌ಗಳಲ್ಲಿ ರಾಜ ಅಂದರೆ ಕಾರ್ನೌಬಾ. ಈಶಾನ್ಯ ಬ್ರೆಜಿಲ್‌ನ ಒಂದು ಜಾತಿಯ ತಾಳೆಮರ ಒಣಹವೆಯಲ್ಲಿ ನೀರು ಆರಿಹೋಗದಂತೆ ತನ್ನ ಗರಿಗಳ ಮೇಲೆ ಮೇಣ ಹೊದೆಯುತ್ತೆ. ಗರಿ ಕಡಿದು, ಒಣಗಿಸಿ, ಬಡಿದರೆ ಮೇಣ ಪುಡಿಯಾಗಿ ಉದುರುತ್ತೆ. ಕರಗಲು 80 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಅಮೆರಿಕದಲ್ಲಿ ನೆಲದ ಪಾಲಿಶ್ ಮಾಡುತ್ತಿದ್ದ ಎಸ್.ಸಿ. ಜಾನ್ಸನ್ ಕಂಪನಿಯ ಮುಖ್ಯಸ್ಥ ಹರ್ಬರ್ಟ್ ಜಾನ್ಸನ್ 1935ರಲ್ಲಿ ಈ ಮರ ಹುಡುಕಿಕೊಂಡು ಪುಟ್ಟ ವಿಮಾನದಲ್ಲಿ ಬ್ರೆಜಿಲ್‌ನ ಫೋರ್ಟಲೆಜಾವರೆಗೆ ಹೋಗಿದ್ದರು. ಮೇಣಕ್ಕೆ ಅಷ್ಟು ಬೆಲೆ ಇತ್ತು.

ಊರಲ್ಲಿ ಅಂಗಳಕ್ಕೆ ಸಗಣಿ ಸಾರಿಸೋದು ನೋಡಿ ಬೆಳೆದವರಿಗೆ ವ್ಯಾಕ್ಸ್‌ನ ತತ್ವ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಪದರ ಸವೆಯಲೆಂದೇ ಇರೋದು. ಸವೆದರೆ ಮತ್ತೆ ಸಾರಿಸು, ಕೆಳಗಿನ ನೆಲ ಗಟ್ಟಿಯಾಗಿರುತ್ತೆ. ಆಮೇಲೆ ಪಾಲಿಮರ್ ಸೀಲೆಂಟ್‌ಗಳು ಬಂದವು. ಮೇಣಕ್ಕೆ ವಾರಗಳ ಆಯಸ್ಸಾದರೆ ಇವಕ್ಕೆ ತಿಂಗಳುಗಳದ್ದು. ತತ್ವ ಮಾತ್ರ ಅದೇ.

ನಿಜವಾದ ಬದಲಾವಣೆ ಆದದ್ದು ಬಣ್ಣದಲ್ಲೇ. 1980ರ ದಶಕದಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಬಳಿಯೋದು ಸಾಮಾನ್ಯವಾಯಿತು. ಅದರೊಳಗೇ ನೇರಳಾತೀತ ಕಿರಣ ತಡೆಯುವ ರಾಸಾಯನಿಕಗಳಿವೆ. ಅಂದರೆ ಅಜ್ಜನ ಕಾಲದಲ್ಲಿ ವ್ಯಾಕ್ಸ್ ಮಾಡುತ್ತಿದ್ದ ಮುಖ್ಯ ಕೆಲಸ ಈಗ ಫ್ಯಾಕ್ಟರಿಯಲ್ಲೇ ಆಗಿರುತ್ತೆ. ಆದರೆ ಈ ಪದರ ಸುಮಾರು 40–50 ಮೈಕ್ರಾನ್ ಅಷ್ಟೇ, ತಲೆಗೂದಲಿಗಿಂತ ತೆಳು. ಹೋದರೆ ತಾನಾಗಿ ಬೆಳೆಯಲ್ಲ. ಹಾಗಾಗಿ ಇವತ್ತು ಕಾಪಾಡಬೇಕಾದ ಆಸ್ತಿ ಇದೇ.

ಸೆರಾಮಿಕ್ ಕೋಟಿಂಗ್ ಈ ಕ್ಲಿಯರ್ ಕೋಟಿಗೆ ರಾಸಾಯನಿಕವಾಗಿ ಅಂಟಿಕೊಂಡು ಗಟ್ಟಿಯಾಗುವ ಸಿಲಿಕಾ ಜಾತಿಯ ಪದರ. ವರ್ಷಗಟ್ಟಲೆ ಬಾಳುತ್ತೆ, ಕೊಳೆ ಸುಲಭವಾಗಿ ಬಿಡುತ್ತೆ, ಹಕ್ಕಿ ಹಿಕ್ಕೆಯ ವಿರುದ್ಧ ಒಂದಷ್ಟು ಸಮಯ ಕೊಡುತ್ತೆ. ಇಷ್ಟು ನಿಜ. ಆದರೆ "9ಎಚ್ ಹಾರ್ಡ್‌ನೆಸ್" ಅಂತಾರಲ್ಲ, ಅದು ಪೆನ್ಸಿಲ್ಲಿನಿಂದ ಗೀರಿ ನೋಡುವ ಪರೀಕ್ಷೆಯ ಅಳತೆ. ವಜ್ರಕ್ಕೆ 10 ಕೊಡುವ ಮಾನದಂಡವೇ ಬೇರೆ. ಒಂದೆರಡು ಮೈಕ್ರಾನ್ ಪದರ ಕಲ್ಲೇಟು ತಡೆಯಲ್ಲ. ಬೋರ್‌ವೆಲ್ ನೀರು ಅದರ ಮೇಲೆ ಮುತ್ತಿನಂತೆ ನಿಂತು ಒಣಗಿದರೆ ಬಿಳಿ ಕಲೆ ಬಿದ್ದೇ ಬೀಳುತ್ತೆ.

ಇನ್ನೊಂದು ವಿಷಯ. ಕೋಟಿಂಗ್ ಮಾಡುವ ಮುಂಚೆ ಗೀರು ತೆಗೆಯಲು ಮಷಿನ್ ಪಾಲಿಶ್ ಮಾಡ್ತಾರೆ. ಆಗ ಸವೆಯೋದು ಕ್ಲಿಯರ್ ಕೋಟೇ. ಹೊಸ ಕಾರಿಗೆ ಎಷ್ಟು ಉಜ್ಜುತ್ತೀರಿ, ದಪ್ಪ ಅಳೆಯುವ ಮೀಟರ್ ಇದೆಯಾ ಅಂತ ಕೇಳಿ. ಬ್ರ್ಯಾಂಡ್ ಯಾವುದು ಅನ್ನೋದಕ್ಕಿಂತ ಇದು ಮುಖ್ಯ.

ತಿಂಗಳಿಗೊಮ್ಮೆ ಭಾನುವಾರ ಒಂದು ಗಂಟೆ ಕೊಡಬಲ್ಲವರಿಗೆ ವ್ಯಾಕ್ಸ್ ಸಾಕು, ವರ್ಷಕ್ಕೆ ಮೂರ್ನಾಲ್ಕು ಸಲ ಆಗುತ್ತೆ ಅನ್ನುವವರಿಗೆ ಸೀಲೆಂಟ್. ಅಷ್ಟೂ ಪುರುಸೊತ್ತಿಲ್ಲದೆ ಬಿಸಿಲಲ್ಲೇ ಕಾರು ನಿಲ್ಲಿಸುವವರಿಗೆ ಕೋಟಿಂಗ್ ಸರಿ. ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗ್ಗೆ ಬೆಳಗ್ಗೆ ಇಪ್ಪತ್ತು ಕಾರಿಗೆ ಒಂದೇ ಬಕೆಟ್, ಒಂದೇ ಬಟ್ಟೆ ಓಡಾಡುತ್ತಿದ್ದರೆ, ಧೂಳೇ ಉಪ್ಪುಕಾಗದವಾಗಿ ಯಾವ ಪದರವನ್ನೂ ಬಿಡಲ್ಲ. ಮೊದಲು ಆ ಬಟ್ಟೆ ಬದಲಾಯಿಸಿ.