ಕ್ರೈಸ್ತ ಧರ್ಮದಲ್ಲಿ ಕ್ಷಮೆ ಮತ್ತು ಸಂಯಮ: ಮಂಡ್ಯ ಸೀಮೆಯ ಅನುಭವ

ಕೇಡು ಮಾಡಿದವನ ಮೇಲೆ ಸೇಡು ತೀರಿಸಿಕೊಳ್ಳಬಾರದು, ಅವನ ಒಳಿತಿಗಾಗಿ ಪ್ರಾರ್ಥಿಸಬೇಕು ಎಂಬುದು ಕ್ರೈಸ್ತ ಧರ್ಮದ ಮೂಲ ಬೋಧನೆಗಳಲ್ಲಿ ಒಂದು. ಮಂಡ್ಯ ಜಿಲ್ಲೆಗೆ ಈ ಬೋಧನೆ ಬಂದದ್ದು 17ನೇ ಶತಮಾನದಲ್ಲಿ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು. ಅಲ್ಲಿಂದ ಮುಂದೆ ಈ ಸೀಮೆಯ ಕ್ರೈಸ್ತರು ಎಂದೂ ದೊಡ್ಡ ಸಂಖ್ಯೆಯಲ್ಲಿ ಇದ್ದವರಲ್ಲ. ಗಂಜಾಂ, ಪಾಲಹಳ್ಳಿಯಂಥ ಕೆಲವು ಊರುಗಳಲ್ಲಿ ಬೇರುಬಿಟ್ಟು, ಭತ್ತ ಕಬ್ಬು ಬೆಳೆಯುವ ನೆರೆಹೊರೆಯವರ ನಡುವೆ ಅವರಂತೆಯೇ ಬದುಕಿದರು. ಸಂಖ್ಯೆ ಚಿಕ್ಕದಾದರೂ ಅವರ ಚರಿತ್ರೆಯಲ್ಲಿ ಕ್ಷಮೆಯ ಪ್ರಶ್ನೆ ಮಾತ್ರ ಬಹಳ ದೊಡ್ಡದಾಗಿಯೇ ಎದುರಾಗಿದೆ.

ಬೋಧನೆಯ ಮೂಲ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಕಣ್ಣಿಗೆ ಕಣ್ಣು ಎಂಬ ಹಳೆಯ ನ್ಯಾಯವನ್ನು ಯೇಸು ಅಲ್ಲಿ ಬದಿಗಿಟ್ಟು, ವೈರಿಯನ್ನೂ ಪ್ರೀತಿಸಬೇಕೆನ್ನುತ್ತಾನೆ. ತಪ್ಪು ಮಾಡಿದ ಸಹೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರನು ಕೇಳಿದಾಗ, ಲೆಕ್ಕವಿಡುವುದನ್ನೇ ಬಿಡುವಂಥ ಉತ್ತರ ಸಿಗುತ್ತದೆ. ಶಿಲುಬೆಯ ಮೇಲಿನಿಂದಲೇ ತನ್ನನ್ನು ಕೊಲ್ಲುತ್ತಿರುವವರಿಗಾಗಿ ಯೇಸು ಬೇಡಿಕೊಂಡದ್ದನ್ನು ಲೂಕನು ಬರೆದಿದ್ದಾನೆ. ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲನು ಹಸಿದ ವೈರಿಗೆ ಉಣ್ಣಲು ಇಡಬೇಕೆಂದು ಹೇಳುತ್ತಾನೆ. ನಿತ್ಯ ಹೇಳುವ ಪರಲೋಕ ಪ್ರಾರ್ಥನೆಯಲ್ಲೇ, ಇತರರನ್ನು ತಾನು ಕ್ಷಮಿಸಿದ ಹಾಗೆ ತನ್ನನ್ನೂ ಕ್ಷಮಿಸಬೇಕೆಂದು ಭಕ್ತನು ಕೇಳಿಕೊಳ್ಳುತ್ತಾನೆ. ಬಲಿಪೂಜೆಯಲ್ಲಿ ಪ್ರಸಾದ ಸ್ವೀಕರಿಸುವ ಮುನ್ನ ಜನರು ಅಕ್ಕಪಕ್ಕದವರ ಕಡೆ ತಿರುಗಿ ಕೈಮುಗಿದು ಶಾಂತಿ ಕೋರುತ್ತಾರೆ. ಪಕ್ಕದಲ್ಲಿ ನಿಂತವರು ಬದುವಿನ ಜಗಳದಲ್ಲಿ ಮಾತು ಬಿಟ್ಟ ದಾಯಾದಿಯಾಗಿದ್ದರೂ ಅವರಿಗೂ ಕೈಮುಗಿಯಲೇಬೇಕು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಸರಿಪಡಿಸಬೇಕು. ಇನ್ನೊಂದು ಕೆನ್ನೆ ತೋರಿಸುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಹಲವರು ಭಾವಿಸಿದ್ದಾರೆ. ಯೋಹಾನನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ನನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂಬ ಅರ್ಥದಲ್ಲಿ ನೇರವಾಗಿ ಕೇಳಿದನು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಛಡಿಯೇಟು ತಿಂದು ಸೆರೆಗೆ ಬಿದ್ದ ಪೌಲನು, ಗುಟ್ಟಾಗಿ ಬಿಟ್ಟುಬಿಡುತ್ತೇವೆಂದಾಗ ಒಪ್ಪದೆ, ಅಧಿಕಾರಿಗಳೇ ಬಂದು ಹೊರಗೆ ಕರೆದೊಯ್ಯಲಿ ಎಂದು ಪಟ್ಟು ಹಿಡಿದ. ಮುಂದೆ ಕೈಸರನ ನ್ಯಾಯಾಲಯಕ್ಕೇ ಮೇಲ್ಮನವಿ ಹೋದ. ಮತ್ತಾಯನ 18ನೇ ಅಧ್ಯಾಯದಲ್ಲಿ ತಕರಾರು ತೀರಿಸುವ ಕ್ರಮವೇ ಇದೆ: ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು, ಆಮೇಲೆ ಸಭೆಯ ಮುಂದಿಡು. ಅರಳಿಕಟ್ಟೆಯ ನ್ಯಾಯ ನೋಡಿ ಬೆಳೆದ ಮಳವಳ್ಳಿ, ಮದ್ದೂರಿನ ಹಳ್ಳಿಯವರಿಗೆ ಈ ಕ್ರಮವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೈ ತಡೆಯಬೇಕು, ಸತ್ಯವನ್ನು ತಡೆಯಬಾರದು. ಇವೆರಡನ್ನೂ ಒಟ್ಟಿಗೆ ಹಿಡಿದಾಗಲೇ ಈ ಬೋಧನೆ ಪೂರ್ತಿಯಾಗುತ್ತದೆ. ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೊಂಡು ಹೋಗು ಎಂದು ಹೆಣ್ಣುಮಗಳಿಗೆ ಬುದ್ಧಿ ಹೇಳಲು ಇದನ್ನು ಬಳಸುವುದು ಬೋಧನೆಗೆ ಬಗೆಯುವ ದ್ರೋಹ.

ಈ ಸೀಮೆಯಲ್ಲಿ ಕ್ಷಮೆಯ ಅತಿ ಕಠಿಣ ಪರೀಕ್ಷೆ ನಡೆದದ್ದು 18ನೇ ಶತಮಾನದ ಕೊನೆಯಲ್ಲಿ. ಎರಡನೇ ಮೈಸೂರು ಯುದ್ಧದಲ್ಲಿ ಕೆನರಾದ ಕ್ಯಾಥೊಲಿಕರು ಇಂಗ್ಲಿಷರಿಗೆ ನೆರವಾದರು ಎಂಬುದು ಟಿಪ್ಪು ಸುಲ್ತಾನನ ಆರೋಪ. 1784ರ ಫೆಬ್ರವರಿಯಲ್ಲಿ, ಕ್ರೈಸ್ತರ ತಪಸ್ಸು ಕಾಲ ಆರಂಭವಾಗುವ ಬೂದಿ ಬುಧವಾರದ ದಿನ, ಕರಾವಳಿಯ ಕ್ಯಾಥೊಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. 30,000ದಿಂದ 80,000ದವರೆಗೆ ಅಂದಾಜುಗಳಿವೆ. ಹಾದಿಯಲ್ಲೇ ಬಹಳ ಮಂದಿ ಸತ್ತರು. ಉಳಿದವರಲ್ಲಿ ಅನೇಕರನ್ನು ಬಲವಂತವಾಗಿ ಮತಾಂತರಿಸಿ, ಗಂಡಸರನ್ನು ಸೈನ್ಯದ ತುಕಡಿಗಳಿಗೆ ಸೇರಿಸಲಾಯಿತು. ಕರಾವಳಿಯಲ್ಲಿ ಚರ್ಚುಗಳು ನೆಲಸಮವಾದವು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆ ಚರ್ಚು ಉಳಿದದ್ದು ಅಲ್ಲಿನ ಜೈನ ಅರಸ ಚೌಟರ ಕೃಪೆಯಿಂದ. ಕೇಡಿನ ಕಾಲದಲ್ಲೂ ಅನ್ಯಮತದ ನೆರೆಯವರೊಬ್ಬರು ಕಾಪಾಡಿದರು ಎಂಬ ಈ ಸಂಗತಿಯನ್ನು ಸೆರೆಯ ಕಥೆಯ ಜೊತೆಗೆ ಹೇಳಲೇಬೇಕು. ಒಬ್ಬ ಅರಸನ ಕೃತ್ಯಕ್ಕೆ ಒಂದು ಇಡೀ ಸಮುದಾಯವನ್ನು ಹೊಣೆ ಮಾಡಬಾರದೆಂಬುದು ಸಂಯಮದ ಮೊದಲ ಪಾಠವಾದ್ದರಿಂದ, ಶ್ರೀರಂಗಪಟ್ಟಣದ ಸೆರೆಯನ್ನು ಇಂದಿನ ಮುಸ್ಲಿಮರ ಮೇಲಿನ ದ್ವೇಷಕ್ಕೆ ಉರುವಲಾಗಿ ಬಳಸುವವರು ಆ ಸೆರೆಯಾಳುಗಳ ಧರ್ಮಕ್ಕೇ ವಿರುದ್ಧ ನಡೆಯುತ್ತಿದ್ದಾರೆ.

ಸೆರೆ 15 ವರ್ಷ ನಡೆಯಿತು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಇಂಗ್ಲಿಷರ ಜನರಲ್ ಹ್ಯಾರಿಸ್‌ನ ಸೈನ್ಯ ಟಿಪ್ಪುವಿನ ಪಡೆಯನ್ನು ಹಿಮ್ಮೆಟ್ಟಿಸಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹತನಾದ. ಬಿಡುಗಡೆಯಾದವರಲ್ಲಿ ಹೆಚ್ಚಿನವರು ಕರಾವಳಿಗೆ ಮರಳಿದರು. ಕೆಲವರು ಮೈಸೂರು ಸೀಮೆಯಲ್ಲೇ ನೆಲೆಸಿದರು.

ಆಗ ಎದ್ದದ್ದು ಎರಡು ಬಗೆಯ ಕ್ಷಮೆಯ ಪ್ರಶ್ನೆ. ಸೆರೆಗೆ ದೂಡಿದವರನ್ನು ಏನೆಂದು ನೋಡಬೇಕು ಎಂಬುದು ಒಂದು. ಜೀವಭಯಕ್ಕೆ ಧರ್ಮ ಬಿಟ್ಟ ತಮ್ಮವರನ್ನೇ ಹೇಗೆ ಮರಳಿ ಸೇರಿಸಿಕೊಳ್ಳಬೇಕು ಎಂಬುದು ಇನ್ನೊಂದು, ಅದು ಇನ್ನೂ ಇಕ್ಕಟ್ಟಿನದು. ಕ್ರೈಸ್ತ ಸಭೆಗೆ ಈ ಇಕ್ಕಟ್ಟು ಹೊಸದೇನಲ್ಲ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್‌ನ ಹಿಂಸೆಗೆ ಹೆದರಿ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿದ ಕ್ರೈಸ್ತರ ವಿಷಯದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪ್ರಾಯಶ್ಚಿತ್ತದ ನಂತರ ಬಾಗಿಲು ತೆರೆಯುವ ದಾರಿ ಹಿಡಿದಿದ್ದ. ಶ್ರೀರಂಗಪಟ್ಟಣದಲ್ಲಿ ಆ ಹೊಣೆ ಬಿದ್ದದ್ದು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಅವರ ಮೇಲೆ. 1792ರಲ್ಲಿ ಭಾರತಕ್ಕೆ ಬಂದಿದ್ದ ಅವರನ್ನು ಕೋಟೆ ಬಿದ್ದ ಮೇಲೆ ಚದುರಿಹೋದ ಕ್ರೈಸ್ತರನ್ನು ಒಗ್ಗೂಡಿಸಲು ಇಲ್ಲಿಗೆ ಕರೆಸಿಕೊಳ್ಳಲಾಯಿತು. ಅವರು ನಿಲುವಂಗಿ ತೊಟ್ಟು, ಮುಂಡಾಸು ಸುತ್ತಿ, ಈ ನೆಲದ ಆಚಾರಕ್ಕೆ ಒಗ್ಗಿಕೊಂಡು ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಗಂಜಾಮಿನ ಚರ್ಚು ಅವರು ಕಟ್ಟಿಸಿದ್ದು.

ದ್ಯುಬ್ವಾ ಮೃದು ಮಾತಿನವರಾಗಿರಲಿಲ್ಲ. ಸೆರೆಯಲ್ಲಿದ್ದವರಲ್ಲಿ ಒಬ್ಬರೂ ಪ್ರಾಣ ಕೊಟ್ಟು ನಂಬಿಕೆ ಸಾರಲಿಲ್ಲವಲ್ಲ ಎಂಬ ಕಹಿಯನ್ನು ಮುಂದೆ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಬರೆದುಕೊಂಡಿದ್ದಾರೆ. ಆ ಕಟು ತೀರ್ಪು ನ್ಯಾಯವೆನಿಸುವುದಿಲ್ಲ. ಮಕ್ಕಳನ್ನು ಕಣ್ಣೆದುರು ಕಳೆದುಕೊಂಡವರ ಸ್ಥಿತಿಯನ್ನು ಅದು ತೂಗಿ ನೋಡಿಲ್ಲ. ಆದರೂ ನಡೆಯಲ್ಲಿ ಅವರು ಯಾರನ್ನೂ ಹೊರಗಿಡಲಿಲ್ಲ. ಮರಳಿ ಬಂದವರನ್ನು ಸೇರಿಸಿಕೊಂಡರು. ನೆಲೆಯಿಲ್ಲದವರಿಗಾಗಿ ಹಾಸನದ ಬಳಿ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಗಳನ್ನು ಹುಟ್ಟುಹಾಕಿದರು.

ಅವರ ಇನ್ನೊಂದು ಕೆಲಸ ಯಾವ ಮತದ ಎಲ್ಲೆಯೊಳಗೂ ನಿಲ್ಲಲಿಲ್ಲ. 1802ರ ಜೂನ್‌ನಲ್ಲಿ ಮುಂಬಯಿಗೆ ದನದ ಸಿಡುಬಿನ ಲಸಿಕೆ ತಲುಪಿತು. ಆಗ ಅದನ್ನು ಸೀಸೆಯಲ್ಲಿಟ್ಟು ಸಾಗಿಸುವ ಅನುಕೂಲ ಇರಲಿಲ್ಲ. ಒಂದು ಮಗುವಿನ ತೋಳಿಗೆ ಹಾಕಿ, ಎಂಟನೇ ದಿನದ ಹೊತ್ತಿಗೆ ಅಲ್ಲಿ ಏಳುವ ಗುಳ್ಳೆಯ ನೀರನ್ನು ಚೂಪಾದ ಅಲಗಿನ ತುದಿಯಲ್ಲಿ ತೆಗೆದು ಇನ್ನೊಂದು ಮಗುವಿನ ತೋಳಿಗೆ ಗೀರಬೇಕಿತ್ತು. ಹೀಗೆ ತೋಳಿನಿಂದ ತೋಳಿಗೆ ಅದು ಊರೂರು ದಾಟಬೇಕಿತ್ತು. ಸಿಡುಬೆಂದರೆ ಮಾರಮ್ಮನ ಮುನಿಸೆಂದು ನಂಬಿದ್ದ, ಯಾರ ತೋಳಿನದು ಯಾರ ತೋಳಿಗೆ ಎಂದು ಜಾತಿ ನೋಡುವ ನಾಡಿನಲ್ಲಿ ಇದಕ್ಕೆ ಜನರನ್ನು ಒಪ್ಪಿಸುವುದು ಎಷ್ಟು ಕಷ್ಟವಿದ್ದೀತು ಎಂಬುದನ್ನು ಊಹಿಸಬಹುದು. ದ್ಯುಬ್ವಾ ಅವರ ಕೈಕೆಳಗೆ ಕೆಲಸ ಮಾಡಿದವರು 1803-04ರಲ್ಲಿ 25,432 ಜನರಿಗೆ ಲಸಿಕೆ ಹಾಕಿದ ದಾಖಲೆಯಿದೆ. ಹದಿನೈದು ವರ್ಷ ಸೆರೆಯಲ್ಲಿ ನರಳಿದ ಸಮುದಾಯದ ಗುರು, ಸೆರೆ ಮುಗಿದ ಐದು ವರ್ಷಗಳೊಳಗೆ, ಅದೇ ರಾಜ್ಯದ ಎಲ್ಲ ಮತದ ಮಕ್ಕಳ ಪ್ರಾಣ ಉಳಿಸಲು ತಿರುಗಾಡಿದರು. ಪೌಲನು ಹೇಳಿದ ಹಸಿದ ವೈರಿಯ ಊಟಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಸಿಗಲಾರದು. ದ್ಯುಬ್ವಾ 1823ರಲ್ಲಿ ಫ್ರಾನ್ಸಿಗೆ ಮರಳಿ 1848ರಲ್ಲಿ ತೀರಿಕೊಂಡರು.

ಸಂಯಮವನ್ನು ಈ ನೆಲಕ್ಕೆ ಕ್ರೈಸ್ತರೇ ತಂದರು ಎಂದು ಹೇಳಲಾಗದು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡದ ಮೇಲೆ, ಅಣ್ಣನನ್ನು ಗೆದ್ದೂ ರಾಜ್ಯ ಬಿಟ್ಟುಕೊಟ್ಟ ಬಾಹುಬಲಿಯ ವಿಗ್ರಹವಿದೆ. ಅದೇ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ನಿಷೇಧಾಜ್ಞೆ ಮುರಿದವರು ಕೈಯಲ್ಲಿ ಕೋಲು ಹಿಡಿದಿರಲಿಲ್ಲ. ಆ ಚಳವಳಿಗೆ ದಾರಿ ತೋರಿದ ಗಾಂಧೀಜಿ, ಮತ್ತಾಯನ 5ನೇ ಅಧ್ಯಾಯದಿಂದ ಆರಂಭವಾಗುವ ಯೇಸುವಿನ ಪರ್ವತ ಪ್ರಸಂಗ ತಮ್ಮ ಹೃದಯಕ್ಕೆ ನೇರವಾಗಿ ತಟ್ಟಿತೆಂದು ಆತ್ಮಕಥೆಯಲ್ಲಿ ಹೇಳಿದ್ದಾರೆ.

ಈಚಿನ ದಿನಗಳಲ್ಲಿ ಮಂಡ್ಯದ ಕ್ರೈಸ್ತರ ಹೊರರೂಪ ಬದಲಾಗಿದೆ. ಮೈಸೂರು ಧರ್ಮಪ್ರಾಂತ್ಯದ ಹಳೆಯ ಚರ್ಚುಗಳ ಜೊತೆಗೆ, ಕೇರಳ ಮೂಲದ ಸಿರೋ-ಮಲಬಾರ್ ಸಭೆಯ ಮಂಡ್ಯ ಧರ್ಮಪ್ರಾಂತ್ಯ 2010ರ ಜನವರಿ 18ರಂದು ಸ್ಥಾಪನೆಯಾಯಿತು. ಪರೀಕ್ಷೆಗಳು ಮಾತ್ರ ನಿಂತಿಲ್ಲ. ಹಿಂದೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರದ ಕ್ರೈಸ್ತ ಶಾಲೆಯೊಂದಕ್ಕೆ 2021ರ ಡಿಸೆಂಬರ್ 23ರಂದು ಗುಂಪೊಂದು ನುಗ್ಗಿ, ಕ್ರಿಸ್‌ಮಸ್ ಆಚರಿಸಿದ್ದೇಕೆಂದು ಶಿಕ್ಷಕರನ್ನು ತರಾಟೆಗೆ ತೆಗೆದುಕೊಂಡಿತು. ಮಕ್ಕಳೇ ದುಡ್ಡು ಹಾಕಿ ಕೇಕ್ ತರಿಸಿದ್ದರೆಂದು ಶಾಲೆಯವರು ವಿವರಿಸಿದರು. ಅಲ್ಲಿ ಪ್ರತಿಯಾಗಿ ಯಾರೂ ಕೈ ಎತ್ತಲಿಲ್ಲ. ಆ ಮಕ್ಕಳ ಮುಂದೆ ಶಿಕ್ಷಕರು ತೋರಿದ ಆ ಒಂದು ಗಳಿಗೆಯ ತಾಳ್ಮೆ ಪಠ್ಯಪುಸ್ತಕದ ಪಾಠಕ್ಕಿಂತ ಕಡಿಮೆಯದೇನಲ್ಲ.

ಮರುವರ್ಷ, 2022ರ ಡಿಸೆಂಬರ್ 27ರಂದು, ನೆರೆಯ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದ ಸಂತ ಮೇರಿ ಚರ್ಚಿನಲ್ಲಿ ಬಾಲಯೇಸುವಿನ ವಿಗ್ರಹಕ್ಕೆ ಹಾನಿಯಾದದ್ದು ಕಂಡಿತು. ಕಾಣಿಕೆ ಹಣವೂ ಹೋಗಿತ್ತು. ಹಿಂದಿನ ಘಟನೆಗಳ ನೆನಪು ಹಸಿಯಾಗಿದ್ದಾಗ ಯಾರೋ ಒಂದು ಸಂಘಟನೆಯ ಹೆಸರು ಹಿಡಿದು ಬೀದಿಗಿಳಿಯುವುದು ಸುಲಭವಿತ್ತು. ಪೊಲೀಸರು ಒಬ್ಬನನ್ನು ಹಿಡಿದು ಇದು ಕಳ್ಳತನಕ್ಕೆ ನುಗ್ಗಿದವನ ಕೆಲಸವೆಂದರು. ಸಂಯಮದ ಲೌಕಿಕ ಪ್ರಯೋಜನವೂ ಇದೇ: ಸತ್ಯ ಹೊರಬರುವಷ್ಟು ಸಮಯವನ್ನು ಅದು ಕೊಡುತ್ತದೆ.

ಮಂಡ್ಯದಾಚೆಗಿನ ಒಂದು ಉದಾಹರಣೆಯಿಲ್ಲದೆ ಈ ವಿಷಯ ಪೂರ್ಣವಾಗದು. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಗಂಡುಮಕ್ಕಳು ವಾಹನದಲ್ಲಿ ಮಲಗಿದ್ದಾಗ ಅವರನ್ನು ಬೆಂಕಿಯಿಟ್ಟು ಕೊಲ್ಲಲಾಯಿತು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದರು, ಬಾರಿಪದದ ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಕ್ಷಮೆಯಿಂದ ಮೊಕದ್ದಮೆ ನಿಲ್ಲಲಿಲ್ಲ; ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಅವರೂ ಕ್ರೈಸ್ತರ ಮೇಲಿನ ದಾಳಿಗಳ ವಿಷಯದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು.

ಭಾರತದ ಕಾನೂನು ಕೂಡ ಕ್ಷಮೆ ಮತ್ತು ನ್ಯಾಯ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ, ಸಣ್ಣ ಹಲ್ಲೆ, ಅತಿಕ್ರಮ ಪ್ರವೇಶ, ಧಾರ್ಮಿಕ ಭಾವನೆಗೆ ನೋವಾಗುವಂತೆ ಬೇಕೆಂದೇ ಆಡಿದ ಮಾತು ಮುಂತಾದ ಅಪರಾಧಗಳಲ್ಲಿ ನೊಂದವರು ರಾಜಿಗೆ ಒಪ್ಪಿದರೆ ಮೊಕದ್ದಮೆ ಮುಗಿಯಲು ಅವಕಾಶ ಕೊಡುತ್ತದೆ. ಕೊಲೆ ಮತ್ತು ಪೂಜಾಸ್ಥಳಕ್ಕೆ ಹಾನಿ ಆ ಪಟ್ಟಿಯಲ್ಲಿಲ್ಲ.