ಏರಿಸಿದವರೇ ಇಳಿಸಬೇಕು

ಸಂಜೆ ಕತ್ತಲಾದ ಮೇಲೆ ಅಂಗಳದಲ್ಲಿ ಕೂತು ಆಕಾಶ ನೋಡಿದರೆ ಒಮ್ಮೊಮ್ಮೆ ಒಂದು ಚುಕ್ಕಿ ಮಿನುಗದೆ, ಸದ್ದಿಲ್ಲದೆ ಸಾಗಿಹೋಗುತ್ತದೆ. ಮಕ್ಕಳು "ಸ್ಯಾಟಲೈಟ್!" ಅಂತ ಕೂಗ್ತಾರೆ. ಆದರೆ ಅದು ಕೆಲಸ ಮಾಡುತ್ತಿರುವ ಉಪಗ್ರಹವೇ ಆಗಬೇಕೆಂದಿಲ್ಲ. ಎಂದೋ ಕೆಟ್ಟುನಿಂತ ಉಪಗ್ರಹವಾಗಿರಬಹುದು, ರಾಕೆಟ್ಟಿನ ಖಾಲಿ ತುಂಡಾಗಿರಬಹುದು. ಈ ಕಸ ಹೇಗೆ ಸೇರಿತು, ಅದನ್ನು ತೆಗೆಯುವುದು ಏಕೆ ಕಷ್ಟ ಎಂಬುದನ್ನು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಚರಿತ್ರೆಯಿಂದ ಚೆನ್ನಾಗಿ ತಿಳಿಯಬಹುದು.

ಗಿಲ್ಫರ್ಡ್ ಊರಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸ್ವೀಟಿಂಗ್ ಮತ್ತು ಅವರ ಜೊತೆಗಾರರು ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನೂ ಬಳಸಿ ಒಂದು ಸಣ್ಣ ಉಪಗ್ರಹ ಕಟ್ಟಿದರು. ಹೆಸರು ಯುಒಸ್ಯಾಟ್-1. 1981ರ ಅಕ್ಟೋಬರ್ 6ರಂದು ಅಮೆರಿಕದ ರಾಕೆಟ್ ಅದನ್ನು ಸುಮಾರು 540 ಕಿ.ಮೀ. ಎತ್ತರಕ್ಕೆ ಮುಟ್ಟಿಸಿತು. ಎಂಟು ವರ್ಷ ಸುತ್ತಿ, 1989ರ ಅಕ್ಟೋಬರಿನಲ್ಲಿ ಅದು ವಾತಾವರಣಕ್ಕೆ ಇಳಿದು ಉರಿದುಹೋಯಿತು. ಅದರ ತಮ್ಮ ಯುಒಸ್ಯಾಟ್-2 ಹೋದದ್ದು 1984ರಲ್ಲಿ, 700 ಕಿ.ಮೀ. ಹತ್ತಿರದ ಎತ್ತರಕ್ಕೆ. 2024ರಲ್ಲಿ ನಲವತ್ತು ವರ್ಷ ತುಂಬಿದಾಗಲೂ ಅದು ಮೇಲೆಯೇ ಇತ್ತು!

ಇಷ್ಟು ವ್ಯತ್ಯಾಸ ಯಾಕೆ? ಉಪಗ್ರಹವೂ ಎಸೆದ ಕಲ್ಲಿನ ಹಾಗೆ ಬೀಳುತ್ತಲೇ ಇರುತ್ತದೆ. ಆದರೆ ಅಡ್ಡಕ್ಕೆ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ವೇಗದಲ್ಲಿ ಓಡುವುದರಿಂದ, ಅದು ಬೀಳುವಷ್ಟೇ ಭೂಮಿಯ ಮೈಯೂ ಬಾಗುತ್ತದೆ. ಹಾಗಾಗಿ ನೆಲ ಮುಟ್ಟುವುದಿಲ್ಲ. ಐದುನೂರು ಕಿ.ಮೀ. ಎತ್ತರದಲ್ಲೂ ತೀರಾ ತೆಳುವಾದ ಗಾಳಿ ಇದೆ. ಅದು ತಡೆದು ತಡೆದು ಉಪಗ್ರಹವನ್ನು ಮೆಲ್ಲಗೆ ಕೆಳಗಿಳಿಸುತ್ತದೆ. ಮೇಲೆ ಹೋದಷ್ಟೂ ಈ ತಡೆ ಕಡಿಮೆ. ಸಾವಿರ ಕಿ.ಮೀ. ಮೇಲೆ ಬಿಟ್ಟದ್ದು ನೂರಾರು ವರ್ಷ ಇಳಿಯುವುದಿಲ್ಲ.

ಅಷ್ಟು ವೇಗದಲ್ಲಿ ಎರಡು ವಸ್ತು ಗುದ್ದಿದರೆ ಏನಾದೀತು? 1978ರಲ್ಲೇ ಅಮೆರಿಕದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ ಲೆಕ್ಕ ಹಾಕಿ ಎಚ್ಚರಿಸಿದ್ದರು: ಚೂರುಗಳು ಇನ್ನಷ್ಟು ಚೂರುಗಳನ್ನು ಹುಟ್ಟಿಸುತ್ತಾ ಹೋಗುತ್ತವೆ. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಕೆಲಸ ಮಾಡುತ್ತಿದ್ದ ಇರಿಡಿಯಂ-33 ಉಪಗ್ರಹಕ್ಕೂ ಸತ್ತುಹೋಗಿದ್ದ ರಷ್ಯಾದ ಕಾಸ್ಮಾಸ್-2251ಕ್ಕೂ ಡಿಕ್ಕಿಯಾಯಿತು. ಎರಡೂ ಪುಡಿಯಾಗಿ ಸಾವಿರಾರು ಚೂರುಗಳಾದವು. ತಪ್ಪು ಬೇರೆಯವರದ್ದು ಮಾತ್ರ ಅನ್ನುವ ಹಾಗಿಲ್ಲ. 2001ರಲ್ಲಿ ನಮ್ಮ ಪಿಎಸ್‌ಎಲ್‌ವಿಯ ಕೊನೆಯ ಹಂತವೂ ಮೇಲೆ ಸಿಡಿದು ನೂರಾರು ಚೂರಾಗಿತ್ತು.

ಸರ್ರೆಯವರು ಈಗ ಇಳಿಸುವ ವಿದ್ಯೆಗೂ ಕೈಹಾಕಿದರು. ಅವರ ಇನ್‌ಫ್ಲೇಟ್‌ಸೇಲ್ ಎಂಬ ಪುಟ್ಟ ಉಪಗ್ರಹ 2017ರ ಜೂನ್ 23ರಂದು ಮೇಲೇರಿದ್ದು ನಮ್ಮ ಶ್ರೀಹರಿಕೋಟಾದಿಂದಲೇ, ಪಿಎಸ್‌ಎಲ್‌ವಿ ಬೆನ್ನೇರಿ. 505 ಕಿ.ಮೀ. ಎತ್ತರದಲ್ಲಿ ಅದು ಹತ್ತು ಚದರ ಮೀಟರಿನ ಹಾಯಿ ಬಿಚ್ಚಿತು. ದೋಣಿಯ ಹಾಯಿ ಗಾಳಿ ಹಿಡಿದು ಮುಂದೆ ಒಯ್ಯುತ್ತದೆ, ಈ ಹಾಯಿ ಗಾಳಿ ಹಿಡಿದು ಓಟವನ್ನು ತಡೆಯುತ್ತದೆ. ಎಪ್ಪತ್ತೆರಡೇ ದಿನಕ್ಕೆ ಇಳಿದು ಉರಿದುಹೋಯಿತು. ಮರುವರ್ಷ ಅವರ ಮುಂದಾಳತ್ವದ ರಿಮೂವ್‌ಡೆಬ್ರಿ ಉಪಗ್ರಹ ಮೀನುಗಾರರಂತೆ ಬಲೆ ಬೀಸಿ ಒಂದು ವಸ್ತುವನ್ನು ಹಿಡಿಯಿತು. 2019ರ ಫೆಬ್ರವರಿಯಲ್ಲಿ ಈಟಿ ಎಸೆದು ಹಲಗೆಗೆ ನಾಟಿಸಿತು. ಆದರೆ ಕೊನೆಗೆ ಅದರ ಹಾಯಿ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಬಲೆಗೆ ಬಿದ್ದದ್ದೂ ಈಟಿ ನಾಟಿದ್ದೂ ಅವರೇ ಒಯ್ದಿದ್ದ ವಸ್ತುಗಳು, ಹಳೆಯ ಕಸವಲ್ಲ.

ಅದಕ್ಕೆ ಒಂದು ಕಾರಣ ಕಾನೂನು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಮೇಲೆ ಹೋದ ವಸ್ತು ಸತ್ತರೂ ಕಳಿಸಿದವರದ್ದೇ. ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಮುಟ್ಟುವಂತಿಲ್ಲ. ಊರ ಕೆರೆಗೆ ಯಾರೋ ತಳ್ಳಿದ ಮುರುಕು ಗಾಡಿಯನ್ನು ಯಜಮಾನನ ಅಪ್ಪಣೆ ಇಲ್ಲದೆ ಎಳೆಯಬಾರದು ಅಂದ ಹಾಗಾಯ್ತು. ನೀರು ಎಲ್ಲರದ್ದು, ಕಸ ಒಬ್ಬನದ್ದು. ಹಾಗಾಗಿ ಏರಿಸುವಾಗಲೇ ಇಳಿಸುವ ದಾರಿ ಕಟ್ಟಿಕೊಡುವುದು ಸುಲಭ. ನಮ್ಮ ಇಸ್ರೋ 2023ರ ಮಾರ್ಚ್ 7ರಂದು ಕೆಲಸ ಮುಗಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು, ಅದರಲ್ಲಿ ಉಳಿದಿದ್ದ ಇಂಧನದಿಂದಲೇ ಇಳಿಸಿ ಪೆಸಿಫಿಕ್ ಸಾಗರದ ಮೇಲೆ ಉರಿಸಿತು. ಹಾಗೆ ಇಳಿಸುವ ಸಲುವಾಗಿ ಅದನ್ನು ಕಟ್ಟಿರಲಿಲ್ಲ. ಮುಂದೆ ಏರುವವಕ್ಕೆ ಆ ಏರ್ಪಾಡು ಮೊದಲೇ ಇರಲಿ.