ಆಟದ ಸಂದಣಿ, ಅರಸನ ಆಜ್ಞೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿರುವುದನ್ನು ನಮ್ಮ ಕಡೆಯ ಶಾಲೆಯ ಮಕ್ಕಳೂ ಬಲ್ಲರು. 1892ರಲ್ಲಿ ಅದನ್ನು ಬೆಳಕಿಗೆ ತಂದವರು ಬಿ. ಎಲ್. ರೈಸ್ ಅವರು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬ ಹಿತವಚನ ಅದರಲ್ಲಿದೆ. ಆದರೆ ಅದೇ ಅರಸನ ಇನ್ನೊಂದು ಆಜ್ಞೆಯನ್ನು ಕಾಣಬೇಕಾದರೆ ಗಡಿ ದಾಟಿ ಆಂಧ್ರದ ಎರ್ರಗುಡಿಗೆ ಹೋಗಬೇಕು. ಅಲ್ಲಿಯ ಬಂಡೆ 'ಸಮಾಜ'ಗಳನ್ನು ನಡೆಸಕೂಡದೆಂದು ವಿಧಿಸುತ್ತದೆ. ಸಮಾಜವೆಂದರೆ ಇಲ್ಲಿ ಜನ ನೆರೆಯುವ ಉತ್ಸವ. ಮಲ್ಲಯುದ್ಧ, ಪ್ರಾಣಿಗಳ ಕಾಳಗ, ಊಟೋಪಚಾರ ಮೊದಲಾದುವು ಅದರಲ್ಲಿ ಸೇರಿದ್ದುವೆಂದು ವಿದ್ವಾಂಸರ ಅಭಿಪ್ರಾಯ. ಅವುಗಳಲ್ಲಿ ಬಹಳ ದೋಷಗಳನ್ನು ಕಂಡ ಅರಸ, ಕೆಲವು ಸಮಾಜಗಳು ಒಳ್ಳೆಯವೆಂದೂ ಒಪ್ಪಿದ್ದಾನೆ.

ಯಾವ ಸಂದಣಿ ಒಳ್ಳೆಯದು, ಯಾವುದು ಕೆಟ್ಟದ್ದು? ಈ ಹಳೆಯ ಪ್ರಶ್ನೆಯೇ 2020ರಲ್ಲಿ ಕೊರೋನಾ ರೋಗದ ಬೆನ್ನು ಹತ್ತಿ ನಮ್ಮೆದುರಿಗೆ ಮತ್ತೆ ಬಂದು ನಿಂತಿತು.

ರೋಗದ ಕಾಲದಲ್ಲಿ ಸರ್ಕಾರಕ್ಕೂ ಜನಕ್ಕೂ ಜಗಳ ಬಂದುದು ಅದೇ ಮೊದಲಲ್ಲ. ಪ್ಲೇಗಿನ ಹಾವಳಿಯನ್ನು ತಡೆಯಲು 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಮರುವರ್ಷ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಗಲಭೆಯೇ ಆಯಿತು. ಇದನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಇಲಿ ಬಿದ್ದಿತೆಂದರೆ ಮನೆಗೆ ಬೀಗ ಹಾಕಿ, ಊರು ಬಿಟ್ಟು, ಹೊಲದಲ್ಲಿ ಗುಡಿಸಲು ಕಟ್ಟಿ ತಿಂಗಳುಗಟ್ಟಲೆ ಇದ್ದವರೂ ಇದೇ ಜನ. ಚದುರಿ ಬಾಳಬೇಕೆಂಬುದು ಅವರಿಗೆ ತಿಳಿದಿತ್ತು. ಕಾರಣ ತಿಳಿಸದೆ, ಮರ್ಯಾದೆ ನೋಡದೆ ಹೇರಿದ ಕಟ್ಟಳೆಯನ್ನು ಮಾತ್ರ ಅವರು ಸಹಿಸಲಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. 2020ರ ಮಾರ್ಚ್ 13ರಂದು ಕರ್ನಾಟಕ ಸರ್ಕಾರ ಚಿತ್ರಮಂದಿರ, ಜಾತ್ರೆ, ಕ್ರೀಡಾಕೂಟಗಳಿಗೆ ಒಂದು ವಾರದ ತಡೆ ಹಾಕಿತು. ಅದೇ ದಿನ ಐಪಿಎಲ್ ಪಂದ್ಯಾವಳಿಯೂ ಮುಂದಕ್ಕೆ ಹೋಯಿತು. ಒಂದು ವಾರವೆಂದುದು ತಿಂಗಳುಗಳಾದುವು. ಆ ವರ್ಷದ ಮೈಸೂರು ದಸರಾ ಮೆರವಣಿಗೆ ಅರಮನೆಯ ಆವರಣದೊಳಗೇ 300 ಮಂದಿಯ ಮಿತಿಯಲ್ಲಿ ಮುಗಿಯಿತು. ಐಪಿಎಲ್ ಮಾತ್ರ ಸೆಪ್ಟೆಂಬರಿನಲ್ಲಿ ಕಡಲಾಚೆಯ ಅರಬ್ ನಾಡಿನಲ್ಲಿ, ಬರಿದಾದ ಆಸನಗಳ ನಡುವೆ ಆರಂಭವಾಯಿತು.

ಭಿನ್ನಾಭಿಪ್ರಾಯ ಬಲವಾದುದು 2021ರಲ್ಲಿ. ಮಾರ್ಚ್ 12 ಮತ್ತು 14ರಂದು ಅಹಮದಾಬಾದಿನ ಕ್ರಿಕೆಟ್ ಪಂದ್ಯಗಳಿಗೆ ದಿನಕ್ಕೆ 60,000ಕ್ಕೂ ಹೆಚ್ಚು ಜನ ಸೇರಿದರು. ಸೋಂಕು ಏರಿತೆಂದು ಉಳಿದ ಮೂರು ಪಂದ್ಯಗಳನ್ನು ಪ್ರೇಕ್ಷಕರಿಲ್ಲದೆ ಆಡಿಸಿದರು. ತಿಂಗಳ ಕೊನೆಯಲ್ಲಿ ನಮ್ಮ ಸರ್ಕಾರ ಹೋಳಿ, ಯುಗಾದಿ, ಷಬ್-ಎ-ಬರಾತ್, ಗುಡ್ ಫ್ರೈಡೆಗಳ ಸಾರ್ವಜನಿಕ ಆಚರಣೆಯನ್ನು ನಿಷೇಧಿಸಿತು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವುದು ಹೋಳಿ ಹುಣ್ಣಿಮೆಯ ಬೆನ್ನಿಗೇ. ಅಲ್ಲಿ ಚೆಂಡಾಟಕ್ಕೆ ಸಲ್ಲುವ ಜನಸಂದಣಿ ಇಲ್ಲಿ ತೇರಿಗೆ ಸಲ್ಲದೇ ಎಂಬ ಪ್ರಶ್ನೆ ಹುಟ್ಟಿದರೆ ಅದು ಸಹಜವೇ ಅಲ್ಲವೆ? ಏಪ್ರಿಲಿನಲ್ಲಿ ಕುಂಭಮೇಳ, ಚುನಾವಣೆಯ ಸಭೆಗಳು ಜನಭರಿತವಾಗಿ ನಡೆದಾಗ, ಬರಿದಾದ ಕ್ರೀಡಾಂಗಣಗಳನ್ನು ಕಂಡು ಕ್ರಿಕೆಟಿನ ಅಭಿಮಾನಿಯೂ ಅದನ್ನೇ ಕೇಳಬಹುದಾಗಿತ್ತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪ್ರೇಕ್ಷಕರಿಲ್ಲದಿದ್ದರೂ ಐಪಿಎಲ್‌ಗೆ ದೂರದರ್ಶನದ ಹಣ ಬರುತ್ತದೆ, ಆಟ ಬದುಕುತ್ತದೆ. ಜಾತ್ರೆಯ ಕುಸ್ತಿಯ ಕಣಕ್ಕೆ ಜನವೇ ಬಂಡವಾಳ. ಜನ ಬಾರದಿದ್ದರೆ ಪೈಲ್ವಾನನಿಗೆ ಬಹುಮಾನವಿಲ್ಲ, ಮಂಡಕ್ಕಿ ಮೆಣಸಿನಕಾಯಿ ಮಾರುವವನಿಗೆ ಒಲೆ ಉರಿಯದು. ಆಜ್ಞೆ ಒಂದೇ ಆದರೂ ಹೊರೆ ಒಂದೇ ಅಲ್ಲ.

ಹಾಗೆಂದು ಸಂದಣಿಗೆ ಬಿಡುವು ಕೊಡಬೇಕಾಗಿತ್ತೆಂದು ನಾನು ವಾದಿಸುವುದಿಲ್ಲ. ಆ ಬೇಸಗೆಯಲ್ಲಿ ಆಸ್ಪತ್ರೆಗಳ ಬಾಗಿಲಲ್ಲಿ ಉಸಿರಿಗಾಗಿ ಪರದಾಡಿದವರನ್ನು ಕಂಡ ಮೇಲೆ ಆ ಮಾತನ್ನು ಆಡಲಾಗದು. ಬರಿದಾದ ಕ್ರೀಡಾಂಗಣದಲ್ಲಿಯೂ ಆಟಗಾರರಿಗೆ ಸೋಂಕು ತಗಲಿ, ಮೇ 4ರಂದು ಐಪಿಎಲ್ ನಿಂತುಹೋಯಿತು.

ಅಶೋಕ ಸಮಾಜಗಳನ್ನು ಅವುಗಳ ಗುಣದಿಂದ ವಿಂಗಡಿಸಿದ. ನೀತಿಗೆ ಆ ವಿಂಗಡಣೆ ಸಲ್ಲುತ್ತದೆ, ರೋಗಕ್ಕೆ ಸಲ್ಲದು. ಭಕ್ತಿಯಿಂದ ನೆರೆದವರು, ಮತಕ್ಕಾಗಿ ನೆರೆದವರು, ಆಟಕ್ಕಾಗಿ ನೆರೆದವರು ಎಂಬ ಭೇದ ರೋಗಾಣುವಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಜನ, ಎಷ್ಟು ಹತ್ತಿರ, ಎಷ್ಟು ಹೊತ್ತು, ಬಯಲೋ ಮುಚ್ಚಿದ ಮನೆಯೋ ಎಂಬುದಷ್ಟೆ. ಆಳುವವರೂ ಅದೇ ಅಳತೆಗೋಲನ್ನು ಹಿಡಿದಿದ್ದರೆ ಜಗಳದ ಅರ್ಧಪಾಲು ಹುಟ್ಟುತ್ತಲೇ ಇರಲಿಲ್ಲ.

2022ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಶ್ರೀಲಂಕೆಯೊಡನೆ ಟೆಸ್ಟ್ ಪಂದ್ಯ ನಡೆಯಿತು. ಮೊದಲು ಅರ್ಧದಷ್ಟು ಜನಕ್ಕೆಂದು ಗೊತ್ತುಮಾಡಿ, ರೋಗ ತಗ್ಗಿದ್ದರಿಂದ ಅನಂತರ ಪೂರ್ತಿ ಆಸನಗಳನ್ನು ತೆರೆದರು. ರೋಗ ಏರಿದಾಗ ಮುಚ್ಚುವುದು, ಇಳಿದಾಗ ತೆರೆಯುವುದು. ಅಳತೆಯ ಮೇಲೆ ನಿಂತ ಇಂಥ ಆಜ್ಞೆ ಜನಕ್ಕೆ ಅರ್ಥವಾಗುತ್ತದೆ. ಮುಂದೆ ಇನ್ನೊಂದು ರೋಗ ಬಂದಾಗ ಅಹಮದಾಬಾದಿಗೂ ನಾಯಕನಹಟ್ಟಿಗೂ ಒಂದೇ ಅಳತೆಯಿರಲಿ; ಆ ಅಳತೆಯಿಂದ ಹೆಚ್ಚು ನಷ್ಟಕ್ಕೊಳಗಾಗುವ ಬಡವನ ಕಡೆಗೂ ಒಂದು ಕಣ್ಣಿರಲಿ.